ಬೆಕ್ಕಿನ ಬೀಜ, ಆಲಂಬಾಡಿ ಹೋರಿ

ಬೆಕ್ಕಿನ ವೀರ್ಯವನ್ನು ಆರಿಸಿ, ಹೆಪ್ಪುಗಟ್ಟಿಸಿ, ವರ್ಷಗಟ್ಟಲೆ ಕಾಪಾಡಿಟ್ಟು, ಬೇಕಾದಾಗ ಅದರಿಂದ ಮರಿ ಹುಟ್ಟಿಸುತ್ತಾರೆ ಅಂದರೆ ನಮ್ಮ ಹರೂರು ಕಡೆಯ ಜನ ಮೊದಲು ನಗುತ್ತಾರೆ. ಬೆಕ್ಕಿಗೇನು ಬರ ಬಂತಾ ಮೇಷ್ಟ್ರೇ, ಅಟ್ಟದ ಮೇಲೆ ಅದರ ಪಾಡಿಗೆ ಅದು ವರ್ಷಕ್ಕೆರಡು ಸಲ ಹಾಕ್ತಾನೇ ಇರುತ್ತಲ್ಲ, ಅದಕ್ಕೂ ಊಸಿ ಹಾಕಿಸಬೇಕಾ ಅಂತ. ಅವರು ಹೇಳುವುದೂ ಸರಿಯೇ. ಮನೆ ಬೆಕ್ಕಿಗೆ ನಮ್ಮ ಸಹಾಯ ಏನೇನೂ ಬೇಕಾಗಿಲ್ಲ.

ಆದರೆ ಬೆಕ್ಕು ಅಂದರೆ ಅಟ್ಟದ ಬೆಕ್ಕು ಮಾತ್ರ ಅಲ್ಲವಲ್ಲ. ಸಿಂಹ, ಹುಲಿ, ಚಿರತೆ, ಚೀತಾ ಎಲ್ಲವೂ ಅದೇ ಕುಟುಂಬ. ನಮ್ಮ ಕುರುಚಲು ಕಾಡಿನ ಕಾಡುಬೆಕ್ಕೂ ಅದೇ ಕುಟುಂಬ. ಹೆಚ್ಚೆಂದರೆ ಒಂದೂವರೆ ಕಿಲೋ ಆಸುಪಾಸು ತೂಗುವ, ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳಿರುವ ಪುಟ್ಟ ಚುಕ್ಕೆಬೆಕ್ಕೂ ಅದೇ. ಪ್ರಪಂಚದಲ್ಲೇ ಅತಿ ಚಿಕ್ಕ ಬೆಕ್ಕು ಅದು. ಇರುವುದು ಭಾರತ, ಶ್ರೀಲಂಕಾ, ನೇಪಾಳದಲ್ಲಿ ಮಾತ್ರ. (ಅಂದ ಹಾಗೆ ಪುನುಗು ಬೆಕ್ಕು ಹೆಸರಿಗಷ್ಟೇ ಬೆಕ್ಕು, ಅದರ ಕುಟುಂಬವೇ ಬೇರೆ. ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ ಇದನ್ನು ತಪ್ಪಾಗಿ ಬರೆದೇ ಬರೆಯುತ್ತಾನೆ.) ಇವುಗಳಲ್ಲಿ ಹಲವು ದಿನೇ ದಿನೇ ಕಡಿಮೆಯಾಗುತ್ತಿವೆ. ವೀರ್ಯ ಕಾಪಾಡುವ ವಿದ್ಯೆ ಇರುವುದು ಇವುಗಳಿಗಾಗಿ. ಮನೆ ಬೆಕ್ಕು ಈ ವಿದ್ಯೆಗೆ ಕೈ ಪಳಗಿಸುವ ಪಾಟಿ ಇದ್ದ ಹಾಗೆ.

ಈ ವಿಷಯದಲ್ಲಿ ನನಗೊಂದು ಅಭಿಪ್ರಾಯ ಇದೆ. ಅದನ್ನು ಹೇಳುವ ಮೊದಲು ಹಸುವಿನಿಂದ ಶುರು ಮಾಡಬೇಕು. ಯಾಕೆಂದರೆ ನಮ್ಮ ಕಡೆ ಈ ವಿದ್ಯೆ ಎಲ್ಲರಿಗೂ ಗೊತ್ತಿರುವುದು ಹಸುವಿನ ಮೂಲಕವೇ.

ತಮಿಳಿನಲ್ಲಿ ಅದನ್ನು ಸಿನೈ ಊಸಿ ಅಂತಾರೆ. ಕನ್ನಡ ಮಾತಾಡುವ ಮನೆಗಳಲ್ಲೂ ಊಸಿ ಹಾಕಿಸೋದು ಅಂತಲೇ ಹೇಳುವುದು. ಹಸು ಬೆದೆಗೆ ಬಂದರೆ ಆಸ್ಪತ್ರೆಗೆ ಹೊಡೆದುಕೊಂಡು ಹೋಗುವುದು, ಇಲ್ಲವೇ ಫೋನ್ ಮಾಡುವುದು. ಬೈಕಿನ ಹಿಂದೆ ಹೊಗೆಯಾಡುವ ಕ್ಯಾನ್ ಕಟ್ಟಿಕೊಂಡು ಅವರು ಬರುತ್ತಾರೆ. ಕ್ಯಾನಿನಿಂದ ಬೆಂಕಿಕಡ್ಡಿಗಿಂತ ಸಾಕಷ್ಟು ಉದ್ದದ ತೆಳು ಕೊಳವೆ ತೆಗೆಯುತ್ತಾರೆ, ಬಿಸಿನೀರಿನಲ್ಲಿ ಅದ್ದುತ್ತಾರೆ, ಭುಜದವರೆಗೆ ಪ್ಲಾಸ್ಟಿಕ್ ಗವಸು ಹಾಕಿಕೊಳ್ಳುತ್ತಾರೆ. ಊರಿನ ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಾರೆ. ಅದೇ ಮಕ್ಕಳಿಗೆ ಶಾಲೆಯಲ್ಲಿ ಸಂತಾನೋತ್ಪತ್ತಿ ಪಾಠ ಬಂದಾಗ ಮಾತ್ರ ನಾವು ಮೇಷ್ಟ್ರುಗಳು ಮನೆಯಲ್ಲೇ ಓದಿಕೊಳ್ಳಿ ಅಂತ ಪುಟ ತಿರುವಿ ಹಾಕುತ್ತೇವೆ!

ಆ ಕೊಳವೆಯಲ್ಲಿ ಹಿಡಿಯುವುದು ಕಾಲು ಮಿಲಿಲೀಟರ್. ಅದರೊಳಗೆ ಸುಮಾರು 2 ಕೋಟಿ ವೀರ್ಯಾಣು. ಒಂದು ಹೋರಿಯಿಂದ ಒಂದು ಸಲ ಶೇಖರಿಸಿದರೆ ಇಂಥ ನೂರಾರು ಕೊಳವೆ ತುಂಬುತ್ತದೆ. ಹೊಸೂರಿನ ಮತ್ತಿಗಿರಿಯಲ್ಲಿ 1824ರಲ್ಲಿ ಶುರುವಾದ ಸರ್ಕಾರಿ ಜಾನುವಾರು ಫಾರಂ ಇದೆಯಲ್ಲ, ಹೋರಿಗಳ ವೀರ್ಯ ಹೆಪ್ಪುಗಟ್ಟಿಸುವ ಕೆಲಸ ಅಲ್ಲೂ ನಡೆಯುತ್ತದೆ.

ಕನ್ನಡಿಗರಾದ ನಮಗೆ ಇದರಲ್ಲಿ ಹೆಮ್ಮೆ ಪಡುವ ವಿಷಯ ಒಂದಿದೆ. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ಮೈಸೂರಿನಲ್ಲಿ. 1939ರಲ್ಲಿ, ಅರಮನೆಯ ಹೈನು ಫಾರಂನಲ್ಲಿ, ಸಂಪತ್ ಕುಮಾರನ್ ಎಂಬವರು ಮಾಡಿದ್ದು. ಹಸುಗಳು ನಮ್ಮ ಹಳ್ಳಿಕಾರ್. ವೀರ್ಯ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯದು. ಅಂದರೆ ಮೊದಲ ದಿನವೇ ನಾಟಿ ಹಸುವಿಗೆ ಸೀಮೆ ಹೋರಿ! ಹಾಲಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು, ನಾನು ವಾದ ಮಾಡುವುದಿಲ್ಲ. ಮುಂದೆ ಹೇಳುವ ಮಾತಿಗೆ ಇದು ಬೇಕು, ನೆನಪಿಟ್ಟುಕೊಳ್ಳಿ.

ಆಗಿನ್ನೂ ವೀರ್ಯವನ್ನು ಹೆಪ್ಪುಗಟ್ಟಿಸಿ ಉಳಿಸುವ ದಾರಿ ಗೊತ್ತಿರಲಿಲ್ಲ. ಹಸಿ ವೀರ್ಯವನ್ನು ತೆಗೆದ ಕೂಡಲೇ ಬಳಸಬೇಕಿತ್ತು. ಜೀವಕೋಶವನ್ನು ಸುಮ್ಮನೆ ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಮಂಜಿನ ಹರಳಾಗಿ ಸೂಜಿಯ ಹಾಗೆ ಗೋಡೆಯನ್ನು ಚುಚ್ಚಿ ಹರಿಯುತ್ತದೆ. ಕರಗಿಸಿದಾಗ ಸಿಗುವುದು ಹೆಣ. ಇದಕ್ಕೆ ಪರಿಹಾರ ಸಿಕ್ಕಿದ್ದು 1949ರಲ್ಲಿ, ಇಂಗ್ಲೆಂಡಿನಲ್ಲಿ. ಅದೂ ಒಂದು ಸೀಸೆಯ ಚೀಟಿ ಅದಲುಬದಲಾಗಿ! ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ವಿಜ್ಞಾನಿಗಳು ಕೋಳಿಯ ವೀರ್ಯಕ್ಕೆ ಹಣ್ಣಿನ ಸಕ್ಕರೆಯ ದ್ರಾವಣ ಬೆರೆಸಿ ಪ್ರಯೋಗ ಮಾಡುತ್ತಿದ್ದರು. ಒಂದು ಸೀಸೆಯ ದ್ರಾವಣ ಮಾತ್ರ ಪವಾಡದ ಹಾಗೆ ಕೆಲಸ ಮಾಡಿತು. ಪರೀಕ್ಷೆ ಮಾಡಿದರೆ ಅದರಲ್ಲಿ ಸಕ್ಕರೆಯೇ ಇರಲಿಲ್ಲ, ಗ್ಲಿಸರಿನ್ ಇತ್ತು. ಇವತ್ತು ನಮ್ಮ ಹಳ್ಳಿಗೆ ಬರುವ ಪ್ರತಿ ಕೊಳವೆಯ ಹಿಂದೆಯೂ ಆ ಸೀಸೆ ಇದೆ.

ಈ ಇಸವಿಯನ್ನು ನೋಡಿದಾಗಲೆಲ್ಲ ನನಗೆ ಇನ್ನೊಂದು ಇಸವಿ ನೆನಪಾಗುತ್ತದೆ. ಭಾರತದ ಕೊನೆಯ ಚೀತಾಗಳು ಅಂತ ಲೆಕ್ಕಕ್ಕೆ ಸಿಕ್ಕ ಮೂರು ಗಂಡುಗಳನ್ನು ಕೊರಿಯಾ ಸಂಸ್ಥಾನದ ರಾಜ ಗುಂಡಿಟ್ಟು ಕೊಂದದ್ದು 1947ರಲ್ಲಿ. ಮೂರೂ ಗಂಡು. ಎರಡೇ ವರ್ಷದ ಅಂತರ! 1952ರಲ್ಲಿ ಚೀತಾ ಭಾರತದಲ್ಲಿ ಅಳಿದುಹೋಯಿತು ಅಂತ ಸರ್ಕಾರ ಘೋಷಿಸಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8 ಚೀತಾ ತಂದು ಕುನೋದಲ್ಲಿ ಬಿಟ್ಟರು, ಮುಂದಿನ ವರ್ಷ ದಕ್ಷಿಣ ಆಫ್ರಿಕಾದಿಂದ 12 ಬಂದವು. ಅವು ಆಫ್ರಿಕಾದ ಚೀತಾಗಳು. ನಮ್ಮ ಏಷ್ಯಾದ ಚೀತಾ ಈಗ ಇರಾನಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ ಅಷ್ಟೇ. 1947ರಲ್ಲಿ ಉಳಿಸುವ ವಿದ್ಯೆ ಇರಲಿಲ್ಲ ಅಂತಾದರೂ ಹೇಳಬಹುದು. ಈಗ ಹಾಗೆ ಹೇಳುವ ಹಾಗಿಲ್ಲ.

ಇನ್ನು ಬೆಕ್ಕಿಗೆ ಬರೋಣ. ಹಸುವಿನ ವಿದ್ಯೆಯನ್ನು ಹಾಗೇ ಎತ್ತಿ ಬೆಕ್ಕಿಗೆ ಹಾಕಲಾಗುವುದಿಲ್ಲ. ಮೊದಲನೆಯದಾಗಿ, ಗಂಡು ಬೆಕ್ಕಿನಿಂದ ಸಿಗುವ ವೀರ್ಯ ಕೆಲವೇ ಹನಿ. ಎರಡನೆಯದಾಗಿ, ಹಸುವಿನಲ್ಲಿ ಅಂಡ ತನ್ನ ಕಾಲಕ್ಕೆ ತಾನು ಬಿಡುಗಡೆಯಾಗುತ್ತದೆ. ಬೆಕ್ಕಿನಲ್ಲಿ ಸಾಮಾನ್ಯವಾಗಿ ಗಂಡು ಕೂಡಿದ ಮೇಲೆಯೇ ಅಂಡ ಹೊರಬರುವುದು. ಹಾಗಾಗಿ ಗಂಡಿಲ್ಲದೆ ಮರಿ ಮಾಡಿಸಬೇಕಾದರೆ ಹಾರ್ಮೋನ್ ಚುಚ್ಚಿ ದೇಹವನ್ನು ನಂಬಿಸಬೇಕು. ಮೂರನೆಯದು, ಹಸುವಿನ ಗರ್ಭಕೋಶದ ಬಾಯಿಗೆ ಕೊಳವೆ ತೂರಿಸಿದ ಹಾಗೆ ಬೆಕ್ಕಿಗೆ ತೂರಿಸುವುದು ಬಹಳ ಕಷ್ಟ. ದಾರಿ ಅಷ್ಟು ಕಿರಿದು. ಅದಕ್ಕೇ ಅಮೆರಿಕದ ಸಿನ್ಸಿನ್ನಾಟಿ ಮೃಗಾಲಯದವರು ಹೊಟ್ಟೆಗೆ ಸಣ್ಣ ತೂತು ಮಾಡಿ, ದುರ್ಬೀನು ಬಿಟ್ಟು ನೋಡುತ್ತಾ, ನೇರವಾಗಿ ಅಂಡನಾಳಕ್ಕೇ ವೀರ್ಯ ಬಿಡುವ ವಿಧಾನ ರೂಢಿಸಿದರು.

ವೀರ್ಯ ತೆಗೆಯುವುದಕ್ಕೂ ಹಲವು ದಾರಿ ಇದೆ. ಅರಿವಳಿಕೆ ಕೊಟ್ಟು ಸಣ್ಣ ವಿದ್ಯುತ್ ಪ್ರಚೋದನೆಯಿಂದ ತೆಗೆಯುವುದು ಹಳೆಯದು. ಮೆಡೆಟೊಮಿಡಿನ್ ಎಂಬ ಔಷಧ ಕೊಟ್ಟು ಮೂತ್ರನಾಳಕ್ಕೆ ತೆಳುವಾದ ನಳಿಕೆ ಹಾಕಿ ತೆಗೆಯುವುದು ಇತ್ತೀಚಿನದು, ಸುಲಭದ್ದು. ಮೂರನೆಯ ದಾರಿ ನನ್ನ ಲೇಖನಕ್ಕೆ ಮುಖ್ಯ. ಬೀಜ ಒಡೆಸಿದಾಗ ಹೊರಬಂದ ವೃಷಣದಿಂದ, ಅದರ ಬೆನ್ನಿಗೆ ಅಂಟಿಕೊಂಡಿರುವ ಸುರುಳಿ ನಾಳದಿಂದ, ವೀರ್ಯಾಣುಗಳನ್ನು ಹಿಂಡಿ ತೆಗೆಯುವುದು. ಇದಕ್ಕೆ ಪ್ರಾಣಿ ಬದುಕಿರಲೇಬೇಕು ಅಂತಿಲ್ಲ. ಸತ್ತ ಪ್ರಾಣಿಯ ವೃಷಣವನ್ನು ಬೇಗನೆ ತೆಗೆದು, ಹೆಪ್ಪುಗಟ್ಟದ ಹಾಗೆ ತಂಪಾಗಿಟ್ಟರೆ, ಒಂದು ದಿನದವರೆಗೂ ಬಳಸಬಹುದಾದ ವೀರ್ಯಾಣು ಸಿಗುತ್ತದೆ.

ತೆಗೆದದ್ದಕ್ಕೆ ಮೊಟ್ಟೆಯ ಹಳದಿ ಲೋಳೆ ಸೇರಿದ ದ್ರಾವಣ ಬೆರೆಸುತ್ತಾರೆ. ಹೌದು, ಸಾಕ್ಷಾತ್ ಕೋಳಿಮೊಟ್ಟೆಯ ಲೋಳೆಯೇ. ತಣ್ಣಗಾಗುವಾಗ ವೀರ್ಯಾಣುವಿನ ಹೊರಪೊರೆಯನ್ನು ಅದು ಕಾಯುತ್ತದೆ. ಆಮೇಲೆ ನಿಧಾನವಾಗಿ 5 ಡಿಗ್ರಿಗೆ ಇಳಿಸಿ, ಗ್ಲಿಸರಿನ್ ಸೇರಿಸಿ, ಕೊಳವೆಗೆ ತುಂಬಿ, ದ್ರವ ಸಾರಜನಕದ ಆವಿಯ ಮೇಲೆ ಹಿಡಿದು, ಕೊನೆಗೆ ಸಾರಜನಕದೊಳಕ್ಕೇ ಮುಳುಗಿಸುತ್ತಾರೆ. ಮೈನಸ್ 196 ಡಿಗ್ರಿ. ಅಲ್ಲಿ ಕಾಲವೇ ನಿಂತುಹೋಗುತ್ತದೆ. ಮನೆ ಬೆಕ್ಕಿನಲ್ಲಿ ಹಸಿ ವೀರ್ಯದಿಂದ ಮರಿಯಾದ ಮೊದಲ ವರದಿ 1970ರದ್ದು, ಹೆಪ್ಪುಗಟ್ಟಿಸಿದ ವೀರ್ಯದಿಂದ 1978ರದ್ದು, ಪ್ರನಾಳದಲ್ಲಿ ಭ್ರೂಣ ಮಾಡಿ ಮರಿ ಪಡೆದದ್ದು 1988ರದ್ದು. 1990ರಲ್ಲಿ ಅದೇ ರೀತಿ ಹುಲಿಮರಿಗಳು ಹುಟ್ಟಿದವು. ಮನೆ ಬೆಕ್ಕು ಎರಡು ಹೆಜ್ಜೆ ಮುಂದೆ, ಹುಲಿ ಹಿಂದೆ.

ನನಗೆ ಬಹಳ ಇಷ್ಟವಾದದ್ದು ಅಮೆರಿಕದ ಆಡುಬಾನ್ ಕೇಂದ್ರದ ಕತೆ. ಆಫ್ರಿಕಾದ ಕರಿಪಾದದ ಬೆಕ್ಕು ಅಂತ ಒಂದು ಪುಟ್ಟ ಕಾಡುಬೆಕ್ಕು ಇದೆ. 2003ರಲ್ಲಿ ಒಂದು ಗಂಡಿನ ವೀರ್ಯ ಹೆಪ್ಪುಗಟ್ಟಿಸಿದರು. 2005ರಲ್ಲಿ ಅದನ್ನು ಕರಗಿಸಿ ಭ್ರೂಣ ಮಾಡಿದರು, ಭ್ರೂಣವನ್ನು ಮತ್ತೆ ಹೆಪ್ಪುಗಟ್ಟಿಸಿದರು. 2011ರ ಫೆಬ್ರವರಿಯಲ್ಲಿ ಎರಡು ಮರಿ ಹುಟ್ಟಿದವು. ಮರುವರ್ಷ ಅದೇ ಜಾತಿಯ ಇನ್ನೊಂದು ಮರಿಯನ್ನು ಹೆತ್ತುಕೊಟ್ಟದ್ದು ಒಂದು ಮಾಮೂಲಿ ಮನೆ ಬೆಕ್ಕು. 2020ರ ಫೆಬ್ರವರಿಯಲ್ಲಿ ಕೊಲಂಬಸ್ ಮೃಗಾಲಯದಲ್ಲಿ ಒಂದು ಚೀತಾ ಇನ್ನೊಂದು ಚೀತಾದ ಎರಡು ಮರಿಗಳನ್ನು ಹೆತ್ತಿತು. ಅಲ್ಲೂ ಬಳಸಿದ್ದು ಹೆಪ್ಪುಗಟ್ಟಿಸಿಟ್ಟ ವೀರ್ಯವೇ.

ಸರಿ, ಈಗ ವಿಷಯದ ಗಂಟು. ಆರಿಸುವುದು.

ಬೆಕ್ಕಿನ ಜಾತಿಯಲ್ಲಿ ಒಂದು ವಿಚಿತ್ರ ಇದೆ. ವಿಕಾರವಾದ ವೀರ್ಯಾಣುಗಳು ಬಹಳ. ತಲೆ ದೊಡ್ಡದು, ಬಾಲ ಸುರುಳಿ, ಎರಡು ಬಾಲ, ಸೊಂಟ ಮುರಿದದ್ದು... ನೂರಕ್ಕೆ 60ಕ್ಕಿಂತ ಹೆಚ್ಚು ವಿಕಾರವಾಗಿದ್ದರೆ ಅದಕ್ಕೆ ದೋಷವುಳ್ಳ ವೀರ್ಯ ಅಂತ ಹೆಸರು ಕೊಡುತ್ತಾರೆ. ಚೀತಾಗಳಲ್ಲಿ ಬಹುತೇಕ ಗಂಡುಗಳದ್ದೂ ಇದೇ ಪಾಡು. ಸಂಖ್ಯೆ ಕುಸಿದು ಹತ್ತಿರದ ಸಂಬಂಧದಲ್ಲೇ ಕೂಡುತ್ತಾ ಬಂದ ಬೆಕ್ಕುಗಳಲ್ಲಿ ಇದು ಹೆಚ್ಚು. 1987ರಲ್ಲಿ ವೈಲ್ಡ್ಟ್ ಮತ್ತು ಸಂಗಡಿಗರು ಮೂರು ಕಡೆಯ ಸಿಂಹಗಳನ್ನು ಹೋಲಿಸಿದರು. ಆಫ್ರಿಕಾದ ವಿಶಾಲ ಸೆರೆಂಗೆಟಿಯ ಸಿಂಹಗಳಲ್ಲಿ ವಿಕಾರ ವೀರ್ಯಾಣು ನೂರಕ್ಕೆ ಸುಮಾರು 25. ಅಲ್ಲೇ ಪಕ್ಕದ ಎನ್‌ಗೊರೊಂಗೊರೊ ಕುಳಿಯೊಳಗೆ ಬೇರ್ಪಟ್ಟು ಉಳಿದ ಸಿಂಹಗಳಲ್ಲಿ 50. ನಮ್ಮ ಗುಜರಾತಿನ ಗಿರ್ ಮೂಲದ ಸಿಂಹಗಳಲ್ಲಿ 66. ಒಂದು ಜೀವಿಯ ಇತಿಹಾಸ ಅದರ ವೀರ್ಯದಲ್ಲೇ ಬರೆದಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಾಗಾಗಿ ಪ್ರಯೋಗಾಲಯದಲ್ಲಿ ಆರಿಸುತ್ತಾರೆ. ಒಂದು ವಿಧಾನ ಈಜಿಸುವುದು. ದ್ರಾವಣದ ತಳದಲ್ಲಿ ವೀರ್ಯ ಬಿಟ್ಟರೆ ಗಟ್ಟಿಮುಟ್ಟಾದವು ಮೇಲಕ್ಕೆ ಈಜಿ ಬರುತ್ತವೆ, ಅವನ್ನು ಎತ್ತಿಕೊಳ್ಳುವುದು. ಇನ್ನೊಂದು, ದಪ್ಪ ದ್ರಾವಣದ ಮೂಲಕ ಯಂತ್ರದಲ್ಲಿ ಗಿರಗಿರ ತಿರುಗಿಸುವುದು. ಸರಿಯಾದ ಆಕಾರದವು ತಳಕ್ಕೆ ಇಳಿಯುತ್ತವೆ, ಕಸ ಮೇಲೆ ನಿಲ್ಲುತ್ತದೆ. ಮೊರದಲ್ಲಿ ಕೇರಿದ ಹಾಗೆ. ಇದರ ಬಗ್ಗೆ ನನ್ನ ತಕರಾರಿಲ್ಲ. ಒಂದು ಗಂಡಿನ ಕೋಟಿ ವೀರ್ಯಾಣುಗಳಲ್ಲಿ ಚೆನ್ನಾಗಿರುವುದನ್ನು ಎತ್ತಿಕೊಂಡರೆ ಯಾರಿಗೂ ನಷ್ಟವಿಲ್ಲ.

ತಕರಾರು ಇರುವುದು ಅದಕ್ಕಿಂತ ಹಿಂದಿನ ಆಯ್ಕೆಯ ಬಗ್ಗೆ. ಯಾವ ಗಂಡಿನ ವೀರ್ಯ ಉಳಿಸಬೇಕು, ಯಾವುದನ್ನು ಚೆಲ್ಲಬೇಕು ಎಂಬುದು. ಎಲ್ಲ ಗಂಡುಗಳ ವೀರ್ಯವೂ ಒಂದೇ ರೀತಿ ಹೆಪ್ಪುಗಟ್ಟುವುದಿಲ್ಲ. ಕೆಲವು ಮಂಜನ್ನು ತಡೆಯುತ್ತವೆ, ಕೆಲವು ತಡೆಯುವುದಿಲ್ಲ. ಹೋರಿಗಳ ಕೇಂದ್ರದಲ್ಲಿ ವೀರ್ಯ ಚೆನ್ನಾಗಿ ಹೆಪ್ಪುಗಟ್ಟದ ಹೋರಿಯನ್ನು ಕೈಬಿಡುತ್ತಾರೆ. ಹಾಲಿನ ವ್ಯಾಪಾರಕ್ಕೆ ಅದು ಸರಿ, ಹಾಳಾದ ಕೊಳವೆ ಕೊಟ್ಟರೆ ರೈತನಿಗೆ ಮೋಸ. ಆದರೆ ಯೋಚನೆ ಮಾಡಿ, ಅಲ್ಲಿ ಆರಿಸುತ್ತಿರುವುದು ಯಾರು? ಹೋರಿಯ ಗುಣ ನೋಡಿ ನಾವು ಆರಿಸಿದ್ದೇವೆ ಅಂದುಕೊಳ್ಳುತ್ತೇವೆ. ನಿಜವಾಗಿ ಅರ್ಧ ಆರಿಸಿದ್ದು ಸಾರಜನಕದ ಕ್ಯಾನು! ಮೈನಸ್ 196 ಡಿಗ್ರಿಯನ್ನು ತಾಳಿಕೊಳ್ಳುವುದಕ್ಕೂ ಬಿಸಿಲು ತಾಳಿಕೊಳ್ಳುವುದಕ್ಕೂ, ಬರಗಾಲದಲ್ಲಿ ಒಣಹುಲ್ಲು ತಿಂದು ಬದುಕುವುದಕ್ಕೂ ಏನು ಸಂಬಂಧ?

ಇಲ್ಲಿಗೆ ಆಲಂಬಾಡಿ ಬರುತ್ತದೆ. ಹೊಗೇನಕಲ್ ಹತ್ತಿರ ಕಾವೇರಿ ದಡದ ಆಲಂಬಾಡಿಯ ಹೆಸರು ಹೊತ್ತ ತಳಿ. ಹಳ್ಳಿಕಾರ್ ಜೊತೆಗೆ ಮೈಸೂರು ಮಾದರಿಯ ತಳಿಗಳ ಗುಂಪಿಗೇ ಸೇರಿದ್ದು. ಕಡು ಬೂದು ಬಣ್ಣ, ಉಬ್ಬಿದ ಹಣೆ, ಹಿಂದಕ್ಕೆ ಬಾಗಿದ ಉದ್ದ ಕೊಂಬು. ಕಾಡಿನಲ್ಲಿ ಮೇಯುತ್ತಾ ಬೆಳೆದು ದಿನವಿಡೀ ನೊಗ ಎಳೆಯುವ ಜಾತಿ. ಧರ್ಮಪುರಿ ಸೀಮೆಯ ಹಳಬರಿಗೆ ಆಲಂಬಾಡಿ ಜೋಡಿ ಅಂದರೆ ಮರ್ಯಾದೆಯ ಮಾತು. ಹಾಲು ಮಾತ್ರ ಕರುವಿಗೆ ಸಾಕಾಗುವಷ್ಟು. ಟ್ರ್ಯಾಕ್ಟರ್ ಬಂತು, ಮೇಯುವ ಜಾಗ ಹೋಯಿತು, ಊಸಿಯಲ್ಲಿ ಜೆರ್ಸಿ ಬಂತು, ಹೋಲ್‌ಸ್ಟೀನ್ ಬಂತು. ಯಾರೂ ಆಲಂಬಾಡಿಯನ್ನು ಕೊಲ್ಲಲಿಲ್ಲ. ಅದರ ಹೋರಿಯನ್ನು ಆರಿಸಲಿಲ್ಲ ಅಷ್ಟೇ. ಈಗ ಕಾರಿಮಂಗಲದ ಹತ್ತಿರ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಆಲಂಬಾಡಿ ತಳಿಗೆಂದೇ ಒಂದು ಸಂಶೋಧನಾ ಕೇಂದ್ರ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಹಳ್ಳಿ ಹಳ್ಳಿ ಅಲೆದು ಶುದ್ಧ ಆಲಂಬಾಡಿಯನ್ನು ಹುಡುಕಬೇಕಾದ ಕಾಲಕ್ಕೆ ಆ ಕೇಂದ್ರ ಬಂದಿದೆ. ಊರಿಗೆ ಎರಡು ಹೋರಿ ಇದ್ದ ಕಾಲದಲ್ಲಿ ಪ್ರತಿ ಹೋರಿಯದೂ ಹತ್ತು ಕೊಳವೆ ತೆಗೆದಿಟ್ಟಿದ್ದರೆ, ಚೆನ್ನಾಗಿ ಹೆಪ್ಪುಗಟ್ಟಿದೆಯೋ ಇಲ್ಲವೋ ಅಂತ ನೋಡದೆ ಇಟ್ಟಿದ್ದರೆ, ಇವತ್ತು ಎಷ್ಟು ಕೆಲಸಕ್ಕೆ ಬರುತ್ತಿತ್ತು!

ನನ್ನ ಅಭಿಪ್ರಾಯ ಇಷ್ಟೇ. ಕಾಡಿನ ಬೆಕ್ಕುಗಳ ವಿಷಯದಲ್ಲಿ ಹೋರಿಯ ನಿಯಮ ಬೇಡ. ಒಳ್ಳೆಯ ವೀರ್ಯ ಮಾತ್ರ ಉಳಿಸುತ್ತೇವೆ, ಉಳಿದದ್ದು ಚೆಲ್ಲುತ್ತೇವೆ ಅನ್ನಬಾರದು. ಕೈಗೆ ಸಿಕ್ಕ ಪ್ರತಿ ಗಂಡಿನದೂ ಉಳಿಸಬೇಕು. ವಿಕಾರವಾಗಿದ್ದರೂ, ಈಜದಿದ್ದರೂ, ಕರಗಿಸಿದಾಗ ಸತ್ತ ಹಾಗೆ ಬಿದ್ದಿದ್ದರೂ ಉಳಿಸಬೇಕು. ಮೊದಲು ಉಳಿಸುವುದು, ಆರಿಸುವ ಕೆಲಸವನ್ನು ಮುಂದಿನವರಿಗೆ ಬಿಡುವುದು. ಒಂದು ಮೂಲೆಯ ಗುಡ್ಡದಲ್ಲಿ ಒಂಟಿಯಾಗಿ ಉಳಿದ ಗಂಡು ಬೆಕ್ಕಿನ ವೀರ್ಯ ಕೆಟ್ಟದಾಗಿರುವ ಸಾಧ್ಯತೆಯೇ ಹೆಚ್ಚು. ಆದರೆ ಬೇರೆಲ್ಲೂ ಇಲ್ಲದ ವಂಶವಾಹಿ ಇರುವುದು ಅದರಲ್ಲೇ ಆಗಿರಬಹುದು.

ಸತ್ತ ವೀರ್ಯಾಣುವಿನಿಂದ ಏನು ಪ್ರಯೋಜನ ಅಂತ ಕೇಳಬಹುದು. 2 ಕೋಟಿ ಬೇಕಾಗುವುದು ಹಸುವಿನ ಊಸಿಗೆ. ಈಗ ಸೂಕ್ಷ್ಮದರ್ಶಕದ ಕೆಳಗೆ ಒಂದೇ ಒಂದು ವೀರ್ಯಾಣುವನ್ನು ಗಾಜಿನ ಸೂಜಿಯಿಂದ ಎತ್ತಿ ಅಂಡದೊಳಕ್ಕೆ ನೇರವಾಗಿ ಚುಚ್ಚುವ ವಿಧಾನ ಇದೆ. ಮನುಷ್ಯರ ಬಂಜೆತನದ ಆಸ್ಪತ್ರೆಗಳಲ್ಲಿ ದಿನಾ ನಡೆಯುವುದು ಅದೇ. 1990ರ ದಶಕದ ಕೊನೆಗೇ ಮನೆ ಬೆಕ್ಕಿನಲ್ಲಿ ಅದರಿಂದ ಮರಿ ಹುಟ್ಟಿವೆ. ಅಲ್ಲಿ ಈಜು ಬರಲೇಬೇಕು ಅಂತಿಲ್ಲ, ತಲೆಯೊಳಗಿನ ವಂಶವಾಹಿ ಕೆಡದೆ ಇದ್ದರೆ ಸಾಕು. ಇವತ್ತು ಕಸ ಅಂತ ಚೆಲ್ಲುವುದು 20 ವರ್ಷದ ನಂತರ ಕಸ ಆಗಿರುವುದಿಲ್ಲ.

ಇದಕ್ಕೆ ವಿರುದ್ಧವಾದ ಮಾತೂ ಇದೆ, ಅದು ಹಗುರ ಮಾತಲ್ಲ. ಕಾಡು ಉಳಿಸದೆ ವೀರ್ಯ ಉಳಿಸಿ ಏನು ಮಾಡುತ್ತೀರಿ ಅಂತ. ಅಮೆರಿಕದ ಫ್ಲೋರಿಡಾದಲ್ಲಿ ಪ್ಯಾಂಥರ್ ಅಂತ ಕರೆಯುವ ದೊಡ್ಡ ಬೆಕ್ಕು ಇಪ್ಪತ್ತು ಮೂವತ್ತರ ಸಂಖ್ಯೆಗೆ ಇಳಿದಿತ್ತು. ಅವುಗಳ ವೀರ್ಯಾಣು ನೂರಕ್ಕೆ 90ಕ್ಕಿಂತ ಹೆಚ್ಚು ವಿಕಾರ, ಎಷ್ಟೋ ಗಂಡುಗಳಿಗೆ ವೃಷಣವೇ ಕೆಳಗಿಳಿದಿರಲಿಲ್ಲ. ಅವನ್ನು ಉಳಿಸಿದ್ದು ಸಾರಜನಕದ ಕ್ಯಾನ್ ಅಲ್ಲ. 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣುಗಳನ್ನು ತಂದು ಬಿಟ್ಟರು. ಹೊಸ ರಕ್ತ ಬಂತು, ಮರಿಗಳು ಗಟ್ಟಿಯಾದವು, ಸಂಖ್ಯೆ ಏರಿತು. ಜೀವಂತ ಪ್ರಾಣಿ ಮತ್ತು ಅದಕ್ಕೊಂದು ಕಾಡು ಇದ್ದರೆ ವೀರ್ಯದ ಗೊಡವೆ ಬೇಡ. ಒಪ್ಪುತ್ತೇನೆ. 2022ರಲ್ಲಿ ನಮ್ಮ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ 686 ಚದರ ಕಿಲೋಮೀಟರ್ ಕಾಡನ್ನು ಕಾವೇರಿ ದಕ್ಷಿಣ ವನ್ಯಧಾಮ ಅಂತ ಘೋಷಿಸಿದ್ದು ಹತ್ತು ಪ್ರಯೋಗಾಲಯಕ್ಕೆ ಸಮ. ಆದರೆ ಆ 8 ಹೆಣ್ಣುಗಳನ್ನು ತರಲು ಟೆಕ್ಸಾಸ್ ಇತ್ತು. ಗಿರ್ ಸಿಂಹಕ್ಕೆ ಯಾವ ಟೆಕ್ಸಾಸ್ ಇದೆ? ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ಆ ಒಂದೇ ಸೀಮೆಯಲ್ಲಿ.

ನಮ್ಮ ದೇಶದಲ್ಲಿ ಇದು ನಡೆಯುತ್ತಲೇ ಇಲ್ಲ ಅಂತಲ್ಲ. ಹೈದರಾಬಾದಿನಲ್ಲಿ ಅಳಿವಿನಂಚಿನ ಪ್ರಾಣಿಗಳ ಪ್ರಯೋಗಾಲಯ ಲ್ಯಾಕೋನ್ಸ್ ಇದೆ. ಡಿಎನ್ಎ ಬೆರಳಚ್ಚಿನಿಂದ ಹೆಸರಾದ ಲಾಲ್ಜಿ ಸಿಂಗ್ ಕನಸು ಅದು. 2007ರ ಫೆಬ್ರವರಿ 1ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ದೇಶಕ್ಕೆ ಅರ್ಪಿಸಿದರು. ಅದಕ್ಕೆ ಮೊದಲೇ, 2006ರಲ್ಲಿ, ಅಲ್ಲಿ ಕೃತಕ ಗರ್ಭಧಾರಣೆಯಿಂದ ಒಂದು ಚುಕ್ಕೆ ಜಿಂಕೆ ಮರಿ ಹುಟ್ಟಿತ್ತು, ಸ್ಪಾಟಿ ಅಂತ ಹೆಸರಿಟ್ಟರು. ಸಿಂಹ, ಹುಲಿ, ಚಿರತೆಗಳ ವೀರ್ಯದ ಮೇಲೂ ಅಲ್ಲಿನವರು ಕೆಲಸ ಮಾಡಿದ್ದಾರೆ. 2018ರಲ್ಲಿ ಅಲ್ಲೇ ರಾಷ್ಟ್ರೀಯ ವನ್ಯಜೀವಿ ಆನುವಂಶಿಕ ಸಂಪನ್ಮೂಲ ಬ್ಯಾಂಕ್ ಶುರುವಾಯಿತು. ಡಾರ್ಜಿಲಿಂಗ್ ಮೃಗಾಲಯದಲ್ಲಿ 2024ರಿಂದ ಹಿಮಚಿರತೆ, ಕೆಂಪು ಪಾಂಡಾ ಮೊದಲಾದವುಗಳ ಮಾದರಿ ಹೆಪ್ಪುಗಟ್ಟಿಸಿ ಇಡುತ್ತಿದ್ದಾರೆ. ಬ್ಯಾಂಕ್ ಇದೆ. ಆದರೆ ಬ್ಯಾಂಕಿಗೆ ಹಣ ಕಟ್ಟುವವರು ಬೇಕಲ್ಲ? ಮೃಗಾಲಯದಲ್ಲಿ ಸತ್ತ ಪ್ರಾಣಿಯದು ತಲುಪುವುದು ಸುಲಭ. ಕಾಡಂಚಿನಲ್ಲಿ, ರಸ್ತೆಯಲ್ಲಿ ಸತ್ತದ್ದು?

ಹರೂರಿನಿಂದ ಊತಂಗರೆ ಕಡೆಗೋ ಸೇಲಂ ಕಡೆಗೋ ಮುಂಜಾನೆ ಹೋಗಿ ನೋಡಿ. ರಾತ್ರಿ ಲಾರಿಗೆ ಸಿಕ್ಕ ನಾಯಿ, ಮುಂಗುಸಿ, ನರಿ, ಆಗೊಮ್ಮೆ ಈಗೊಮ್ಮೆ ಕಾಡುಬೆಕ್ಕು. ಮನೆ ಬೆಕ್ಕಿಗಿಂತ ಉದ್ದ ಕಾಲು, ಗಿಡ್ಡ ಬಾಲ, ಬಾಲದ ತುದಿಯಲ್ಲಿ ಕಪ್ಪು ಪಟ್ಟಿ, ಗೊತ್ತಾಗುತ್ತದೆ. ಹೊತ್ತೇರುವಷ್ಟರಲ್ಲಿ ಕಾಗೆ ಮುಗಿಸುತ್ತದೆ. ಚಿರತೆ ಸತ್ತರೆ ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ, ಒಂದಿಷ್ಟು ಅಂಗದ ಚೂರು ಪರೀಕ್ಷೆಗೆ ಕಳಿಸಿ, ಉಳಿದದ್ದನ್ನು ಅಲ್ಲೇ ಸುಡುತ್ತಾರೆ. ಉಗುರು, ಚರ್ಮ ಕಳ್ಳರ ಕೈಗೆ ಸಿಗಬಾರದು ಅಂತ. ಅದು ಸರಿಯಾದ ಕ್ರಮವೇ. ಆದರೆ ಆ ಬೆಂಕಿಯಲ್ಲಿ ವೃಷಣವೂ ಹೋಗುತ್ತದೆ. ವೈದ್ಯರು ಹೊಟ್ಟೆ ಸೀಳಿರುತ್ತಾರೆ, ಕತ್ತರಿ ಕೈಯಲ್ಲೇ ಇರುತ್ತದೆ, ಇನ್ನೈದು ನಿಮಿಷದ ಕೆಲಸ.

ದೊಡ್ಡ ಖರ್ಚು ಬೇಕು ಅಂತ ಹೇಳುವ ಹಾಗೂ ಇಲ್ಲ. ಇಡೀ ದೇಶದಲ್ಲಿ ದ್ರವ ಸಾರಜನಕ ಹಳ್ಳಿಯವರೆಗೆ ಬರುವ ವ್ಯವಸ್ಥೆ ಯಾವುದಕ್ಕಾದರೂ ಇದ್ದರೆ ಅದು ಹಸುವಿನ ಊಸಿಗೆ. ಅದೇ ಕ್ಯಾನ್, ಅದೇ ಬೈಕ್. ಹೆಪ್ಪುಗಟ್ಟಿಸುವ ಸೂಕ್ಷ್ಮ ಕೆಲಸ ಸ್ಥಳದಲ್ಲೇ ಆಗಬೇಕಾಗಿಲ್ಲ. ವೃಷಣವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಲಸಿಕೆ ಒಯ್ಯುವ ಐಸ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಗೆ ನೇರ ತಾಗದ ಹಾಗೆ ಇಟ್ಟು, ಸೇಲಂ ಜಿಲ್ಲೆಯ ತಲೈವಾಸಲ್ ಪಶುವೈದ್ಯ ಕಾಲೇಜಿಗೋ ನಾಮಕ್ಕಲ್ ಕಾಲೇಜಿಗೋ ಮುಟ್ಟಿಸಿದರೆ ಆಯಿತು. ಮಧ್ಯಾಹ್ನ ಹೊರಟರೆ ಸಂಜೆಗೆ ತಲುಪುತ್ತದೆ. ಅಲ್ಲಿಂದ ಮುಂದೆ ಹೈದರಾಬಾದಿಗೆ ಕಳಿಸುವುದು ಹೆಪ್ಪುಗಟ್ಟಿಸಿದ ಮೇಲೆ, ನಿಧಾನವಾಗಿ. ಅರಣ್ಯ ಇಲಾಖೆಯ ಅನುಮತಿ ಬೇಕು, ನಿಜ. ಪ್ರತಿ ಪ್ರಾಣಿ ಸತ್ತಾಗಲೂ ಹೊಸದಾಗಿ ಅರ್ಜಿ ಹಾಕುವುದಾದರೆ ವೃಷಣ ಕೊಳೆತೇ ಹೋಗುತ್ತದೆ. ಒಂದೇ ಸಲ, ಮುಂಚಿತವಾಗಿ, ಜಿಲ್ಲೆಗೊಂದು ಆದೇಶ ಇರಬೇಕು.

ಕಾಲೇಜಿನವರಿಗೆ ಕೈ ಪಳಗುವುದು ಹೇಗೆ? ಅಲ್ಲೇ ನಮ್ಮ ಅಟ್ಟದ ಬೆಕ್ಕು ಬರುವುದು. ಈಗ ಪಟ್ಟಣಗಳಲ್ಲಿ ಸಾಕಿದ ಗಂಡು ಬೆಕ್ಕಿಗೆ ಬೀಜ ತೆಗೆಸುವುದು ಸಾಮಾನ್ಯವಾಗಿದೆ. ತೆಗೆದದ್ದು ಕಸದ ಬುಟ್ಟಿಗೆ ಹೋಗುತ್ತದೆ. ಎಷ್ಟೋ ದೇಶಗಳಲ್ಲಿ ವಿದ್ಯಾರ್ಥಿಗಳು ಕಲಿಯುವುದೇ ಅದರ ಮೇಲೆ. ಯಾವ ಬೆಕ್ಕಿಗೂ ಹೊಸದಾಗಿ ನೋವು ಕೊಡಬೇಕಾಗಿಲ್ಲ. ನೂರು ಮನೆ ಬೆಕ್ಕಿನ ಮೇಲೆ ಕೈ ಪಳಗಿದ ಹುಡುಗ ಅಥವಾ ಹುಡುಗಿಯ ಕೈಗೆ ಒಂದು ಚುಕ್ಕೆಬೆಕ್ಕಿನದು ಸಿಕ್ಕಾಗ ಅವರು ಹಾಳು ಮಾಡುವುದಿಲ್ಲ. ಸಾಕು ಬೆಕ್ಕಿನಲ್ಲಿ ಪರ್ಷಿಯನ್, ಬೆಂಗಾಲ್ ಅಂತ ತಳಿ ಮಾರುವವರಿಗಾಗಿ ಈ ವಿದ್ಯೆ ಬಳಸಬೇಕೇ ಅಂತ ಕೇಳಿದರೆ, ನನ್ನ ಉತ್ತರ ಬೇಡ ಅಂತ. ಅನಾಥ ಮರಿಗಳು ಬೀದಿಯಲ್ಲಿ ಬೇಕಾದಷ್ಟಿವೆ.

ಇನ್ನೊಂದು ಮಾತು ಹೇಳಲೇಬೇಕು, ಹರೂರು ತಾಲ್ಲೂಕಿನಲ್ಲಿ ಕೂತು ಇದನ್ನು ಬರೆಯುವವನು ಅದನ್ನು ಬಿಡುವ ಹಾಗಿಲ್ಲ. ರಸ್ತೆಯಲ್ಲಿ, ಹೊಲದಲ್ಲಿ ಸತ್ತ ಪ್ರಾಣಿಯನ್ನು ಮೊದಲು ನೋಡುವುದು ಹಳ್ಳಿಯವನು. ಅವನು ಫೋನ್ ಮಾಡಿದರೆ ಮಾತ್ರ ಉಳಿದದ್ದೆಲ್ಲ. ಅವನು ಮಾಡುತ್ತಾನೆಯೇ? ಇದೇ ತಾಲ್ಲೂಕಿನ ವಾಚಾತ್ತಿಯಲ್ಲಿ 1992ರ ಜೂನ್ 20ರಂದು ಶ್ರೀಗಂಧ ಹುಡುಕುವ ಹೆಸರಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಸೇರಿ ಬುಡಕಟ್ಟು ಜನರಿಗೆ, ಹೆಣ್ಣುಮಕ್ಕಳಿಗೆ ಏನು ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತು. 2011ರಲ್ಲಿ ಧರ್ಮಪುರಿ ನ್ಯಾಯಾಲಯ ಬದುಕಿದ್ದ 215 ಆರೋಪಿಗಳನ್ನೂ ತಪ್ಪಿತಸ್ಥರು ಅಂದಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಷ್ಟು ವರ್ಷ ಕಾದ ಊರಿನವನಿಗೆ ಸತ್ತ ಚಿರತೆಯ ಪಕ್ಕ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡು ಅಂತ ಹೇಳುವುದು ಸುಲಭವೇ? ನೀನೇ ಕೊಂದೆಯಾ ಅಂತ ಕೇಳಿದರೆ? ಅದಕ್ಕೇ ನಾನು ಹೇಳುವುದು, ಮೊದಲ ಕರೆ ಪಶುವೈದ್ಯರಿಗೆ ಹೋಗಲಿ. ಹಸುವಿಗೆ ಊಸಿ ಹಾಕುವ ಮನುಷ್ಯನ ನಂಬರ್ ಪ್ರತಿ ಮನೆಯ ಗೋಡೆಯ ಮೇಲೂ ಇದ್ದಿಲಲ್ಲಿ ಬರೆದಿರುತ್ತದೆ. ಅವರು ನಡುರಾತ್ರಿಯೂ ಬರುತ್ತಾರೆ, ಅವರನ್ನು ಕಂಡರೆ ಯಾರಿಗೂ ಭಯ ಇಲ್ಲ. ಇಲಾಖೆಗೆ ತಿಳಿಸುವುದನ್ನು ಅವರು ಮಾಡಲಿ, ಕರೆ ಮಾಡಿದವನ ಹೆಸರು ಕೇಳದೆ.

ಮಾರ್ಚ್ ಬಂತೆಂದರೆ ತೀರ್ಥಮಲೆ, ಚಿತ್ತೇರಿ ಕಡೆಯ ಹಳ್ಳಗಳು ಬತ್ತಿ ಪ್ರಾಣಿಗಳು ನೀರಿಗಾಗಿ ರಸ್ತೆ ದಾಟಲು ಶುರು ಮಾಡುತ್ತವೆ. ಐಸ್ ಪೆಟ್ಟಿಗೆಯೂ ಆದೇಶದ ಪ್ರತಿಯೂ ಅದಕ್ಕೆ ಮೊದಲೇ ಹರೂರು ಪಶು ಆಸ್ಪತ್ರೆಯಲ್ಲಿ ಇರಬೇಕು. ಬಿಸಿಲಿನಲ್ಲಿ ಒಂದು ದಿನ ಅಂತ ಹೇಳಿದ್ದು ಅರ್ಧ ದಿನವೂ ಆಗುವುದಿಲ್ಲ.